ಬರೆಯ ಮೇಲಿನ ಚಂಗಲಕೋಷ್ಟ: ಬದಿಯಡ್ಕ ಸಮೀಪದ ಒಂದು ಹಿತ್ತಲಿನ ಪ್ರಕರಣ ಅಧ್ಯಯನ

ಕರಾವಳಿಯಲ್ಲಿ ಜೇನು ಸಾಕುವವರಿಗೆ ಜೂನ್‌ನಿಂದ ಆಗಸ್ಟ್‌ವರೆಗೆ ಬರಗಾಲ. ರಬ್ಬರಿನ ತಳಿರಿನ ಕಾಲ ಮುಗಿದಿರುತ್ತದೆ, ಗುಡ್ಡೆಯ ಮರಗಳ ಹೂ ಉದುರಿರುತ್ತದೆ, ತುಡುವೆ ಜೇನಿನ ಪೆಟ್ಟಿಗೆಗೆ ಸಕ್ಕರೆ ಪಾಕ ಇಡದಿದ್ದರೆ ಕುಟುಂಬ ಸೊರಗುತ್ತದೆ. ಪೆಟ್ಟಿಗೆಯ ಜೇನಿಗಾದರೆ ಪಾಕ ಕೊಡುವವರಿದ್ದಾರೆ. ಒಣಕೊರಡಿನಲ್ಲಿ ತೂತು ಕೊರೆದು ಬದುಕುವ ಬಡಗಿ ದುಂಬಿಗೂ ಮಣ್ಣಿನ ಬರೆಯಲ್ಲಿ (ಕಡಿದ ದಿಣ್ಣೆಯ ಬದಿಯಲ್ಲಿ) ಒಂಟಿಯಾಗಿ ಗೂಡು ಮಾಡುವ ನೀಲಿಪಟ್ಟೆ ಜೇನಿಗೂ ಯಾರೂ ಪಾಕ ಇಡುವುದಿಲ್ಲ. ಈ ಬರಗಾಲದ ಕೊನೆಯಲ್ಲೇ ಹೂ ಬಿಡಲು ತೊಡಗುವ, ಆಳೆತ್ತರ ಮೀರಿ ಬೆಳೆಯುವ, ಒಮ್ಮೆ ನೆಟ್ಟರೆ ವರ್ಷ ವರ್ಷ ತಾನೇ ಏಳುವ ನಮ್ಮದೇ ಕಾಡುಗಿಡವೊಂದಿದೆ: ಚಂಗಲಕೋಷ್ಟ. ಅದನ್ನು ಒಂದು ಮನೆಯ ಹಿತ್ತಲಲ್ಲಿ ನೆಟ್ಟಾಗ ಏನಾಯಿತು, ಮೊದಲ ಮಳೆಗಾಲ ಏಕೆ ಕೈಕೊಟ್ಟಿತು, ಎರಡನೆಯದರಲ್ಲಿ ಏನು ಬದಲಾಯಿತು ಎಂಬುದರ ಪೂರ್ಣ ವಿವರ ಇಲ್ಲಿದೆ.

ಜಾಗ ಮತ್ತು ಬೇಡಿಕೆ

ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಪೆರ್ಲದ ಕಡೆಗೆ ಹೋಗುವಾಗ ಸಿಗುವ ಇಳಿಜಾರಿನ ಜಾಗ. ಮೇಲೆ ಗುಡ್ಡೆ, ನಡುವೆ ಮುರಕಲ್ಲು (ಜಂಬಿಟ್ಟಿಗೆ) ಕಡಿದು ಸಮ ಮಾಡಿದ ತಟ್ಟಿನಲ್ಲಿ ಮನೆ, ಕೆಳಗೆ ಅಡಿಕೆ ತೋಟ. ಮನೆಯ ಹಿಂದೆ ಎರಡಾಳೆತ್ತರದ ಮುರಕಲ್ಲಿನ ಗೋಡೆ. ಮಳೆಗಾಲದಲ್ಲಿ ಅದರ ಬುಡದಲ್ಲಿ ಒರತೆ ಜಿನುಗುತ್ತದೆ. ತೋಟಕ್ಕೆ ನೀರು ಗುಡ್ಡೆಗೆ ಅಡ್ಡಲಾಗಿ ಕೊರೆದ ಸುರಂಗದಿಂದ ಬಂದು ಟ್ಯಾಂಕಿಯಲ್ಲಿ ನಿಲ್ಲುತ್ತದೆ. ಮನೆಯಂಗಳಕ್ಕೂ ತೋಟಕ್ಕೂ ನಡುವೆ ಪೂರ್ವಕ್ಕೆ ಮುಖ ಮಾಡಿದ ಒಂದು ಬರೆ ಇದೆ. ಬೆಳಗಿನ ಬಿಸಿಲು ಅದಕ್ಕೆ ಚೆನ್ನಾಗಿ ಬೀಳುತ್ತದೆ, ಮಧ್ಯಾಹ್ನದ ಮೇಲೆ ಮನೆಯ ನೆರಳು. ಹೂಗಿಡಕ್ಕೆಂದು ಬಿಟ್ಟ ಜಾಗ ಒಟ್ಟು ಮೂರು ಸೆಂಟ್.

ಮನೆಯವರ ತೊಂದರೆ ಪ್ಯಾಶನ್ ಫ್ರೂಟಿನದು. ಚಪ್ಪರದ ತುಂಬ ಹೂ, ಕಾಯಿ ಮಾತ್ರ ಬೆರಳೆಣಿಕೆ. ಹಳದಿ ಹಣ್ಣಿನ ಜಾತಿಯಲ್ಲಿ ತನ್ನದೇ ಪರಾಗದಿಂದ ಕಾಯಿ ಕಚ್ಚುವುದಿಲ್ಲ, ಬೇರೆ ಬಳ್ಳಿಯ ಪರಾಗವೇ ಬರಬೇಕು. ಹೂವಿನ ಅಳತೆ ನೋಡಿದರೆ ತುಡುವೆಗೂ ಚುಚ್ಚದ ಪುಟ್ಟ ಜೇನು ಮುಜಂಟಿಗೂ ಅದು ಆಗದ ಕೆಲಸ. ಅವು ಪರಾಗ ಕೊಂಡೊಯ್ಯುತ್ತವೆ, ಮೇಲಿರುವ, ಪರಾಗ ಹಿಡಿಯುವ ಶಲಾಕಾಗ್ರಕ್ಕೆ ಮೈ ತಾಗಿಸುವುದಿಲ್ಲ. ಬೆನ್ನು ತಾಗುವಷ್ಟು ದೊಡ್ಡ ಮೈ ಇರುವುದು ಬಡಗಿ ದುಂಬಿಗೆ. ಮನೆಯವರು ಅಲ್ಲಿಯವರೆಗೆ ಮಧ್ಯಾಹ್ನ ಕೈಯಿಂದಲೇ ಪರಾಗ ಮುಟ್ಟಿಸುತ್ತಿದ್ದರು. ಬೇಸಿಗೆಯ ಬದನೆಗೂ ಇದೇ ದುಂಬಿ ಬೇಕು. ಬದನೆಯ ಪರಾಗಕೋಶ ತುದಿಯ ಸಣ್ಣ ತೂತಿನಿಂದ ಮಾತ್ರ ಪರಾಗ ಬಿಡುತ್ತದೆ, ರೆಕ್ಕೆಯ ಸ್ನಾಯು ನಡುಗಿಸಿ ಗುಂಯ್ ಎಂದು ಅಲುಗಿಸಿದರೆ ಉದುರುತ್ತದೆ. ಬಡಗಿ ದುಂಬಿಯೂ ನೀಲಿಪಟ್ಟೆ ಜೇನೂ ಅದನ್ನು ಮಾಡಬಲ್ಲವು, ಪೆಟ್ಟಿಗೆಯ ಜೇನಿಗೆ ಆ ವಿದ್ಯೆ ಇಲ್ಲ.

ಆದ್ದರಿಂದ ಬೇಡಿಕೆ ಸ್ಪಷ್ಟವಿತ್ತು: ದೊಡ್ಡ ದುಂಬಿಗಳನ್ನು ಮಳೆಗಾಲದಲ್ಲೂ ಹಿತ್ತಲಲ್ಲೇ ಹಿಡಿದಿಡುವ ಹೂ, ಹೊರಗಿನಿಂದ ಬಂದ ಜಾತಿ ಬೇಡ, ಯಾವ ಕೀಟನಾಶಕವೂ ಬೇಡ. ಕೊನೆಯ ಷರತ್ತಿನ ಹಿನ್ನೆಲೆಯನ್ನು ಈ ಸೀಮೆಯವರಿಗೆ ವಿವರಿಸಬೇಕಾಗಿಲ್ಲ. 1970ರ ದಶಕದ ಕೊನೆಯಿಂದ 2000ದವರೆಗೆ ಇಲ್ಲಿನ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿಯಿತು. 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಅದನ್ನು ದೇಶದಾದ್ಯಂತ ತಡೆಯಿತು. ಈ ಮನೆಯಲ್ಲಿ ಇರುವೆ ಪುಡಿಯ ಡಬ್ಬಿ ಕೂಡ ಇಲ್ಲ.

ಗಿಡದ ಗುರುತು

ಚಂಗಲಕೋಷ್ಟ ಶುಂಠಿಯ ನೆಂಟ, ಆದರೆ ಬೇರೆ ಕುಟುಂಬ, ಕೋಸ್ಟೇಸಿ. ಹಳೆಯ ಪುಸ್ತಕಗಳಲ್ಲಿ ಕೋಸ್ಟಸ್ ಸ್ಪೀಶಿಯೋಸಸ್ ಎಂದಿರುತ್ತದೆ, ಈಗಿನ ಹೆಸರು ಹೆಲ್ಲೇನಿಯಾ ಸ್ಪೀಶಿಯೋಸ. ಕಾಸರಗೋಡಿನ ನರ್ಸರಿಗಳಲ್ಲಿ ಕೇಳುವಾಗ ಮಲಯಾಳದ ‘ಆನಕ್ಕೂವ’ ಎಂದರೆ ಬೇಗ ತಿಳಿಯುತ್ತದೆ. ಭಾರತದಿಂದ ಆಗ್ನೇಯ ಏಷ್ಯಾದುದ್ದಕ್ಕೂ ಇದು ಕಾಡುಗಿಡ. ನಮ್ಮಲ್ಲಿ ತೋಡಿನ ಬದಿ, ರಸ್ತೆಗೆ ಕಡಿದ ಬರೆ, ಕಾಡಿನಂಚು, ಹಡಿಲು ಬಿದ್ದ ಗದ್ದೆಯ ಪುಣಿ (ಬದು) ಇದರ ನೆಲೆ.

ಗುರುತಿಗೆ ಎಲೆ ಸಾಕು. ಶುಂಠಿ, ಅರಿಶಿನ, ಏಲಕ್ಕಿಗಳಲ್ಲಿ ಎಲೆ ಕಾಂಡದ ಎರಡು ಬದಿಗೆ ಎದುರುಬದುರಾಗಿ ಸಾಲುಗಟ್ಟಿರುತ್ತದೆ. ಇಲ್ಲಿ ಎಲೆಗಳು ಕಾಂಡವನ್ನು ಸುತ್ತಿಕೊಂಡು ಸುರುಳಿಯಾಗಿ ಏರುತ್ತವೆ. ಎಲೆಯ ಅಡಿಭಾಗ ಸವರಿದರೆ ರೇಷ್ಮೆಯಂಥ ನವಿರು ರೋಮ. ಕಾಂಡ ಎರಡರಿಂದ ಮೂರು ಮೀಟರ್ ಏರುತ್ತದೆ. ತುದಿಯಲ್ಲಿ ಕೆಂಪು ಹೊದಿಕೆ ಎಲೆಗಳ ಒಂದು ಗಟ್ಟಿ ತೆನೆ, ಅದರಿಂದ ದಿನಕ್ಕೆ ಒಂದೋ ಎರಡೋ ಬಿಳಿ ಹೂ ಹೊರಬರುತ್ತದೆ.

ಈ ಪ್ರಕರಣದ ಮೊದಲ ಗೊಂದಲ ಇಲ್ಲೇ ಆಯಿತು. ಗೆಡ್ಡೆಯ ಜತೆಗೆ ನರ್ಸರಿಯೊಂದರಿಂದ ತಂದ ಎರಡು ಪಾಲಿಥಿನ್ ಚೀಲದ ಗಿಡಗಳು ‘ಕೋಸ್ಟಸ್’ ಎಂಬ ಚೀಟಿಯಲ್ಲಿ ಬಂದವು. ಬೆಳೆದದ್ದು ಸೊಂಟದ ಮಟ್ಟಕ್ಕೆ, ಬಿಟ್ಟದ್ದು ಕಿತ್ತಳೆ ಹೂ. ಅದು ಸಕ್ಕರೆ ಕಾಯಿಲೆಗೆಂದು ಜನ ಎಲೆ ಜಗಿಯುವ ‘ಇನ್ಸುಲಿನ್ ಗಿಡ’, ಬ್ರೆಜಿಲ್ ಮೂಲದ್ದು. ಚೀಟಿ ನಂಬಬೇಡಿ, ಎಲೆಯ ಅಡಿ ಸವರಿ ನೋಡಿ ಕೊಳ್ಳಿ.

ಹೂವಿನ ಒಳಗೆ ಏನು ನಡೆಯುತ್ತದೆ

ಗಿಡ ಎಲ್ಲಿ ನೆಡಬೇಕು, ಎಷ್ಟು ನೆಡಬೇಕು ಎಂಬುದೆಲ್ಲ ಹೂವಿನ ರಚನೆಯಿಂದಲೇ ಹೊರಡುತ್ತದೆ. ಆದ್ದರಿಂದ ಇಲ್ಲಿ ಸ್ವಲ್ಪ ನಿಲ್ಲೋಣ.

ಬಿಳಿಯಾಗಿ ಅಗಲಕ್ಕೆ ಕಾಣುವುದು ನಿಜವಾದ ದಳವಲ್ಲ. ಕೇಸರಗಳೇ ಕೂಡಿಕೊಂಡು ಆದ ತುಟಿ ಅದು. ಅಂಚು ನೆರಿಗೆಗಟ್ಟಿ, ನಡುವೆ ಹಳದಿ ಛಾಯೆ, ಎರಡು ಬದಿ ಮೇಲಕ್ಕೆ ಮಡಿಚಿ ಕಹಳೆಯಂತೆ ಬಾಯಿ ತೆರೆದಿರುತ್ತದೆ. ಅದರ ಮೇಲೆ ಮುಚ್ಚಳದ ಹಾಗೆ ಬಾಗಿರುವುದು ಒಂದೇ ಒಂದು ಫಲವಂತ ಕೇಸರ, ಅದೂ ದಳದಂತೆ ಚಪ್ಪಟೆ. ಬಡಗಿ ದುಂಬಿ ತುಟಿಯ ಮೇಲೆ ಇಳಿದು, ಕೇಸರಕ್ಕೂ ತುಟಿಗೂ ನಡುವಿನ ಸಂದಿಯಲ್ಲಿ ತಲೆ ತೂರಿಸಿ, ಮೈಯೆಲ್ಲ ಒಳಗೆ ನೂಕುತ್ತದೆ. ಹೂ ಒಮ್ಮೆ ಕೆಳಕ್ಕೆ ಜಗ್ಗುತ್ತದೆ. ಮಕರಂದ ಹೀರಿ ಹಿಮ್ಮುಖವಾಗಿ ಹೊರಬರುವಾಗ ಅದರ ಕರಿಬೆನ್ನಿನ ಮೇಲೆ ಮಾಸಲು ಬಿಳಿಯ ಒಂದು ಪಟ್ಟಿ ಹತ್ತಿರುತ್ತದೆ, ಅದೇ ಪರಾಗ. ಮುಂದಿನ ಹೂವಿಗೆ ಹೊಕ್ಕಾಗ ಆ ಪಟ್ಟಿ ನೇರ ಶಲಾಕಾಗ್ರಕ್ಕೆ ಒರೆಸುತ್ತದೆ. ನೀಲಿಪಟ್ಟೆ ಜೇನು ಮೈ ಸಣ್ಣದಾದರೂ ಉದ್ದ ನಾಲಗೆಯಿಂದ ಮಕರಂದ ಮುಟ್ಟುತ್ತದೆ. ಮುಜಂಟಿ ಬರುವುದು ಪರಾಗ ಕೆರೆದುಕೊಳ್ಳುವುದಕ್ಕೆ. ಸೂರಕ್ಕಿಯೂ ಆಗಾಗ ಕೊಕ್ಕು ಇಡುತ್ತದೆ.

ಒಂದು ಹೂವಿಗೆ ಒಂದೇ ಹಗಲಿನ ಆಯುಷ್ಯ, ಸಂಜೆಗೆ ಮುದುಡುತ್ತದೆ. ಒಂದು ಕಾಂಡಕ್ಕೆ ಒಂದೇ ತೆನೆ, ತೆನೆಗೆ ದಿನಕ್ಕೆ ಒಂದೆರಡೇ ಹೂ. ಎಂದರೆ ಮೂರು ಕಾಂಡದ ಗಿಡವೊಂದನ್ನು ಅಂಗಳದ ಮೂಲೆಯಲ್ಲಿಟ್ಟರೆ ದುಂಬಿಗೆ ದಿನಕ್ಕೆ ಮೂರ್ನಾಲ್ಕು ಹೂ. ಅಷ್ಟಕ್ಕಾಗಿ ಅದು ದಾರಿ ಬದಲಿಸಿ ಬರುವುದಿಲ್ಲ. ಬಡಗಿ ದುಂಬಿ ದಿನವೂ ಅದೇ ದಾರಿಯಲ್ಲಿ ಸುತ್ತು ಹಾಕುವ ಜೀವಿ, ಆ ಸುತ್ತಿನಲ್ಲಿ ಸೇರಬೇಕಾದರೆ ಒಂದೇ ಕಡೆ ಬೆಳಿಗ್ಗೆ ಸಾಕಷ್ಟು ಹೂ ಕಾಣಬೇಕು. ಅಲ್ಲಲ್ಲಿ ಒಂದೊಂದು ನೆಡುವುದಕ್ಕಿಂತ ಒತ್ತಾಗಿ ಗುಂಪು ಗುಂಪಾಗಿ ನೆಡುವುದು ಸರಿ ಎನ್ನುವುದು ಈ ಲೆಕ್ಕದಿಂದ.

ಇನ್ನೊಂದು ಹೊಂದಾಣಿಕೆ ಈ ಹಿತ್ತಲಿಗೆ ಬಹಳ ಉಪಕಾರಿ. ಚಂಗಲಕೋಷ್ಟದ ಹೂ ಬೆಳಿಗ್ಗೆ ಅರಳಿರುತ್ತದೆ. ಹಳದಿ ಪ್ಯಾಶನ್ ಫ್ರೂಟಿನ ಹೂ ಬಿಚ್ಚುವುದು ಮಧ್ಯಾಹ್ನದ ಹೊತ್ತಿಗೆ. ಒಂದೇ ದುಂಬಿ ಬೆಳಿಗ್ಗೆ ಇಲ್ಲಿ ಮೇಯ್ದು ಮಧ್ಯಾಹ್ನ ಚಪ್ಪರಕ್ಕೆ ಹೋಗಬಹುದು, ಎರಡಕ್ಕೂ ಜಗಳವಿಲ್ಲ.

ಮೊದಲ ಮಳೆಗಾಲ

ಗೆಡ್ಡೆ ತಂದದ್ದು ಪಕ್ಕದವರ ಹಡಿಲು ಗದ್ದೆಯ ಪುಣಿಯಿಂದ, ಅವರ ಒಪ್ಪಿಗೆ ಪಡೆದು. ಇದು ಸರಿಯಾದ ದಾರಿ. ಮೀಸಲು ಕಾಡಿನಿಂದ ಅಗೆದು ತರುವುದು ಅಪರಾಧ, ರಸ್ತೆಬದಿಯ ಬರೆಯನ್ನು ಕೆದಕಿದರೆ ಮಳೆಗೆ ಬರೆಯೇ ಜರಿದೀತು. ಗೆಡ್ಡೆ ತೆಗೆದದ್ದು ಮಾತ್ರ ಜೂನ್ ಮಧ್ಯದಲ್ಲಿ, ಮಳೆ ಹಿಡಿದ ಮೇಲೆ. ಆಗಾಗಲೇ ಮೊಳಕೆ ಗೇಣುದ್ದ ಬಂದಿತ್ತು, ಅರ್ಧ ಮೊಳಕೆ ಅಗೆಯುವಾಗಲೇ ಮುರಿಯಿತು. ಸಿಕ್ಕಿದ್ದನ್ನು 36 ತುಂಡು ಮಾಡಿ ಅದೇ ದಿನ ಹಸಿಹಸಿಯಾಗಿ ಮೂರು ಕಡೆ ಹನ್ನೆರಡರಂತೆ ನೆಟ್ಟರು: ಮುರಕಲ್ಲಿನ ಗೋಡೆಯ ಬುಡದಲ್ಲಿ, ಅಡಿಕೆ ತೋಟದ ಕಣಿಯ (ನೀರು ಹರಿಯುವ ಕಾಲುವೆಯ) ಬದಿಯಲ್ಲಿ, ಮತ್ತು ಪೂರ್ವದ ಬರೆಯ ಮೇಲೆ.

ಗೋಡೆಯ ಬುಡದಲ್ಲಿ ಉಳಿದದ್ದು ಮೂರು. ಉಳಿದವನ್ನು ಜುಲೈ ಕೊನೆಗೆ ಅಗೆದು ನೋಡಿದರೆ ಗೆಡ್ಡೆ ಕಂದುಬಣ್ಣಕ್ಕೆ ತಿರುಗಿ, ಬೆರಳಲ್ಲಿ ಒತ್ತಿದರೆ ಹುಳಿವಾಸನೆಯ ನೀರು ಬರುತ್ತಿತ್ತು. ‘ತೋಡಿನ ಬದಿಯ ಗಿಡ, ನೀರು ಎಷ್ಟಿದ್ದರೂ ಆದೀತು’ ಎಂಬ ಎಣಿಕೆ ಇಲ್ಲಿ ಸೋತಿತು. ತೋಡಿನ ಬದಿಯಲ್ಲಿ ಗಿಡ ನಿಲ್ಲುವುದು ದಡದ ಇಳಿಜಾರಿನಲ್ಲಿ, ಅಲ್ಲಿ ನೀರು ಹರಿದುಹೋಗುತ್ತದೆ. ಗೋಡೆಯ ಬುಡದಲ್ಲಿ ಅಡಿಗೆ ಮುರಕಲ್ಲಿನ ಹಾಸು, ಮೇಲಿನಿಂದ ಒರತೆ. ನೆಟ್ಟ ಗುಂಡಿಯೇ ಬಟ್ಟಲಾಗಿ ನೀರು ನಿಂತಿತು. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವ, ಅದರಲ್ಲಿ ಬಹುಪಾಲು ಜೂನ್–ಸೆಪ್ಟೆಂಬರಿನಲ್ಲೇ ಸುರಿಯುವ ಊರಿನಲ್ಲಿ ಹಸಿಗಾಯದ ಗೆಡ್ಡೆ ಅಂಥ ಬಟ್ಟಲಲ್ಲಿ ಉಳಿಯದು.

ಕಣಿಯ ಬದಿಯ ಹನ್ನೆರಡೂ ಬದುಕಿದವು, ಆದರೆ ಬದುಕಿದ್ದಷ್ಟೇ. ಅಡಿಕೆಯ ದಟ್ಟ ನೆರಳಿನಲ್ಲಿ ಕಾಂಡ ಬೆಳಕು ಹುಡುಕುತ್ತ ಸಣಕಲಾಗಿ ಉದ್ದವಾಯಿತು. ಸಾಲದ್ದಕ್ಕೆ ಹಟ್ಟಿಗೊಬ್ಬರದ ಸಾರ ಕಣಿಯಲ್ಲಿ ಹರಿಯುತ್ತಿತ್ತು. ಸಾರಜನಕ ಮಿತಿಮೀರಿ ಎಲೆ ಸೊಕ್ಕಿತು, ಕಾಂಡಕ್ಕೆ ಗಟ್ಟಿತನ ಬರಲಿಲ್ಲ. ಆಟಿ ತಿಂಗಳ (ಜುಲೈ–ಆಗಸ್ಟ್) ಗಾಳಿಗೆ ಎಲ್ಲ ಒಂದೇ ಕಡೆ ಮಲಗಿದವು. ಎರಡು ಕಾಂಡದಲ್ಲಿ ತೆನೆ ಬಂತು. ಅದೇ ಹೊತ್ತಿಗೆ ಅಡಿಕೆಯ ಕೊಳೆರೋಗಕ್ಕೆ ಎರಡನೆಯ ಸುತ್ತು ಬೋರ್ಡೋ ದ್ರಾವಣ ಹೊಡೆದರು. ಮೈಲುತುತ್ತು ಒಂದು ಕೆಜಿ, ಸುಣ್ಣ ಒಂದು ಕೆಜಿ, ನೂರು ಲೀಟರ್ ನೀರು, ಇಲ್ಲಿ ಎಲ್ಲರೂ ಹೊಡೆಯುವ ಶೇ. 1ರ ದ್ರಾವಣ. ಅಡಿಕೆ ಗೊನೆಯಿಂದ ತೊಟ್ಟಿಕ್ಕಿದ ನೀಲಿ ಎಲೆಯ ಮೇಲೂ ತೆನೆಯ ಮೇಲೂ ಹೆಪ್ಪುಗಟ್ಟಿತು. ಅಡಿಕೆಗೆ ಬೋರ್ಡೋ ಬಿಡುವಂತಿಲ್ಲ. ಹಾಗಾಗಿ ಹೂಗಿಡವೇ ಅಲ್ಲಿಂದ ಜಾಗ ಬಿಡಬೇಕು.

ಬರೆಯ ಮೇಲಿನ ಹನ್ನೆರಡರಲ್ಲಿ ಹನ್ನೊಂದು ಎದ್ದವು, ಎದೆಮಟ್ಟಕ್ಕೆ ಬಂದವು, ಆಗಸ್ಟ್ ಕೊನೆಗೆ ಕೆಲವು ತೆನೆ ಕೆಂಪಾದವು. ಸೆಪ್ಟೆಂಬರ್ ಮೊದಲ ವಾರ ಚೌತಿಗೆ ಮೊದಲು ಹುಲ್ಲು ಕೊಚ್ಚುವ ಮೆಶಿನ್ ಬಂತು. ಹೂ ಇನ್ನೂ ಅರಳದ ಗಿಡ ಯಾರ ಕಣ್ಣಿಗೂ ಕಾಡುಶುಂಠಿಯ ಬಲ್ಲೆ. “ಅಕ್ಕಾ, ಬರೆಯದ್ದು ಪೂರ್ತಿ ತೆಗೆಯುವುದಲ್ವಾ?” ಎಂದು ಕೆಲಸದವರು ಕೇಳಿದರು. ಹುಲ್ಲಿನ ವಿಷಯ ಎಂದುಕೊಂಡು ಒಳಗಿನಿಂದಲೇ “ಹೌದು ಅಣ್ಣ, ತೆಗೆಯಿರಿ” ಎಂಬ ಉತ್ತರ ಬಂತು. ಅರ್ಧ ಗಂಟೆಯಲ್ಲಿ ಬರೆ ಬೋಳಾಯಿತು.

ನಮ್ಮ ತೀರ್ಮಾನದಲ್ಲಿ ಇಡೀ ಪ್ರಕರಣದ ಕೇಂದ್ರ ಇದೇ. ಕೊಳೆತದ್ದನ್ನು, ಮಲಗಿದ್ದನ್ನು ನಾಟಿಯ ಜಾಗ ಬದಲಿಸಿ ಸರಿಮಾಡಬಹುದು. ಆದರೆ ನಮ್ಮೂರಿನ ಹಿತ್ತಲು ಸ್ವಚ್ಛ ಮಾಡುವ ಪಂಚಾಂಗ ಮತ್ತು ಮಳೆಗಾಲದ ಕಾಡುಹೂವಿನ ಪಂಚಾಂಗ ನೇರ ಡಿಕ್ಕಿ ಹೊಡೆಯುತ್ತವೆ. ಓಣಂ, ಚೌತಿ, ನವರಾತ್ರಿಯ ಮುಂಚೆ ಕೊಚ್ಚುವ ಪದ್ಧತಿ ಬದಲಾಗದೆ ಈ ಗಿಡಕ್ಕೆ ಹೂ ಬಿಡುವ ಅವಕಾಶವೇ ಇಲ್ಲ. ಕಾಡಿನಂಚಿನಲ್ಲಿ ಧಾರಾಳ ಇರುವ ಗಿಡ ಮನೆಗಳ ಸುತ್ತ ಕಾಣದಿರುವುದಕ್ಕೆ ಮೆಶಿನ್ನೇ ದೊಡ್ಡ ಕಾರಣ.

ಕೊಚ್ಚಿದ್ದರಿಂದ ಒಂದು ಲಾಭವೂ ಸಿಕ್ಕಿತು. ಸೋಗೆಯ ಅಡಿ ಬಿದ್ದ ಕಾಂಡದ ತುಂಡುಗಳಲ್ಲಿ ಕೆಲವು ಒಂದೇ ತಿಂಗಳೊಳಗೆ ಗಿಣ್ಣಿನಿಂದ ಚಿಗುರಿ ಬೇರು ಬಿಟ್ಟವು. ಈ ಗಿಡವನ್ನು ಕಾಂಡದಿಂದಲೂ ಸುಲಭವಾಗಿ ಹೆಚ್ಚಿಸಬಹುದು: ಬಲಿತ ಕಾಂಡವನ್ನು ಎರಡು ಮೂರು ಗಿಣ್ಣು ಇರುವಂತೆ ಸುಮಾರು 15 ಸೆಂ.ಮೀ. ತುಂಡು ಮಾಡಿ, ಎಲೆ ತೆಗೆದು, ಹೊಳೆಮರಳಿನಲ್ಲಿ ಅಡ್ಡ ಮಲಗಿಸಿ, ಅರ್ಧ ಮುಳುಗುವಷ್ಟು ಮರಳು ಎಳೆದು, ನೆರಳಲ್ಲಿ ತೇವವಾಗಿಟ್ಟರೆ ಸಾಕು. ನೆಟ್ಟಗೆ ಚುಚ್ಚಿದರೆ ಮೇಲಿನ ಗಿಣ್ಣು ಒಣಗುತ್ತದೆ, ಮಲಗಿಸುವುದೇ ಉತ್ತಮ.

ಎರಡನೆಯ ವರ್ಷದ ನಾಟಿ

ಡಿಸೆಂಬರಿನಿಂದ ಎಲೆ ಹಳದಿಯಾಗಿ ಜನವರಿ–ಫೆಬ್ರವರಿಗೆ ಗಿಡ ಮೇಲೆ ಪೂರ್ತಿ ಒಣಗುತ್ತದೆ. ಸತ್ತಿತೆಂದು ಎಷ್ಟೋ ಮಂದಿ ಈ ಹಂತದಲ್ಲಿ ಕಿತ್ತೆಸೆಯುತ್ತಾರೆ. ಗೆಡ್ಡೆ ಒಳಗೆ ನಿದ್ದೆಯಲ್ಲಿರುತ್ತದೆ. ಅಗೆದು ಭಾಗ ಮಾಡಲು ಏಪ್ರಿಲ್ ಕೊನೆ, ಮೇ ಮೊದಲ ವಾರ ಸರಿಯಾದ ಸಮಯ. ಕಣಿಯ ಬದಿಯ ಗೆಡ್ಡೆಗಳನ್ನು ಆಗ ಎತ್ತಲಾಯಿತು.

ತುಂಡು ತೀರ ಸಣ್ಣದಾದರೆ ಮೊದಲ ವರ್ಷ ಎಲೆ ಮಾತ್ರ. ಆರೇಳು ಸೆಂಟಿಮೀಟರ್ ಉದ್ದ, ಎರಡು ದಪ್ಪ ಮೊಗ್ಗು ಇದ್ದರೆ ಅದೇ ವರ್ಷ ತೆನೆ ನಿರೀಕ್ಷಿಸಬಹುದು. ಚೂರಿಯನ್ನು ಬಿಸಿನೀರಿನಲ್ಲಿ ತೊಳೆದು ಕತ್ತರಿಸಿ, ಕಡಿದ ಮೈಗೆ ಒಲೆಬೂದಿ ಮೆತ್ತಿ, ನೆರಳಲ್ಲಿ ಎರಡು ದಿನ ಹರಡಿದರು. ಗಾಯ ತೊಗಟೆಗಟ್ಟಲು ಅಷ್ಟು ಹೊತ್ತು ಬೇಕು. ನೆಡುವ ಮುಂಚೆ ಕೊಳೆ ತಡೆಯುವ ಸ್ಯೂಡೊಮೊನಾಸ್ ಬ್ಯಾಕ್ಟೀರಿಯಾದ ಪುಡಿ ಲೀಟರಿಗೆ 20 ಗ್ರಾಂ ಕದಡಿ ಅರ್ಧ ಗಂಟೆ ಅದ್ದಿದರು. ಶುಂಠಿ, ಕಾಳುಮೆಣಸು ಬೆಳೆಯುವವರಿಗೆ ಇದು ಹೊಸದಲ್ಲ.

ಬರೆಯ ಅಂಚಿನಿಂದ ಮುಕ್ಕಾಲು ಮೀಟರ್ ಒಳಗೆ ಐದು ಗುಂಡಿ, ಒಂದರಿಂದ ಒಂದಕ್ಕೆ 90 ಸೆಂ.ಮೀ. ಗುಂಡಿಯ ಅಗಲ 60, ಆಳ 30. ಅಡಿಯ ಮುರಕಲ್ಲನ್ನು ಪಿಕ್ಕಾಸಿನಿಂದ ಒಡೆದು, ಇಳಿಜಾರಿನ ಕಡೆಗೆ ಒಂದು ಕೈಯಗಲದ ಸೀಳು ಬಿಡಿಸಿದರು. ನೀರು ಹೊರಹೋಗುವುದು ಆ ಸೀಳಿನಿಂದ, ಅದನ್ನು ಮರೆತರೆ ಗೋಡೆಯ ಬುಡದ ಕತೆ ಮರಳುತ್ತದೆ. ತುಂಬಲು ಮೇಲ್ಮಣ್ಣು ಎರಡು ಪಾಲು, ಚೆನ್ನಾಗಿ ಕಳಿತ ಸೊಪ್ಪಿನ ಗೊಬ್ಬರ ಒಂದು ಪಾಲು, ಮುರಕಲ್ಲಿನ ಚರಳು ಒಂದು ಪಾಲು, ಗುಂಡಿಗೊಂದು ಬುಟ್ಟಿ ಸುಡುಮಣ್ಣು. ಹಸಿ ಸೆಗಣಿಯಿಲ್ಲ, ರಾಸಾಯನಿಕ ಗೊಬ್ಬರವಿಲ್ಲ. ತುಂಬಿದ ಮಣ್ಣು ಸುತ್ತಲಿನ ನೆಲಕ್ಕಿಂತ ನಾಲ್ಕು ಬೆರಳು ಎತ್ತರಕ್ಕೆ ಉಬ್ಬಿರಬೇಕು.

ಮೇ ಕೊನೆಯ ಪತ್ತನಾಜೆ ಕಳೆದು ಎರಡು ಮೂರು ಮಳೆ ಬಿದ್ದು ನೆಲ ತಣಿದಾಗ ನಾಟಿ. ಗುಂಡಿಗೆ ಮೂರು ತುಂಡು, ತ್ರಿಕೋನವಾಗಿ, ಒಂದಡಿ ಅಂತರ, ಮೊಗ್ಗು ಮೇಲ್ಮುಖ, ಮೇಲೆ ಐದಾರು ಸೆಂಟಿಮೀಟರ್ ಮಣ್ಣು. ಇದಕ್ಕಿಂತ ಆಳಕ್ಕೆ ಇಳಿಸಬಾರದು, ಕಾಡಿನಲ್ಲೂ ಈ ಗೆಡ್ಡೆ ಮೇಲ್ಮೈಗೆ ಹತ್ತಿರವೇ ಹರಡುವುದು. ಮೇಲೆ ಸೋಗೆಯ ಮುಚ್ಚಿಗೆ, ತೆಳುವಾಗಿ.

ಸುತ್ತ ಒಡಕು ಮುರಕಲ್ಲುಗಳನ್ನು ಅರ್ಧ ಹುಗಿದು ಕಟ್ಟೆಯಂತೆ ಇಟ್ಟದ್ದಕ್ಕೆ ಎರಡು ಉದ್ದೇಶ. ಒಂದು ಮೆಶಿನ್: ಕಲ್ಲು ಕಂಡಲ್ಲಿ ಬ್ಲೇಡು ಹಿಡಿದವರು ತಾವಾಗಿ ದೂರ ಸರಿಯುತ್ತಾರೆ, ಹಗ್ಗ ಕಟ್ಟುವುದಕ್ಕಿಂತ ಇದು ನಂಬಿಕಸ್ಥ. ಇನ್ನೊಂದು ಹಂದಿ. ಕಾಡುಹಂದಿ ಮತ್ತು ಮುಳ್ಳುಹಂದಿ ಸಡಿಲ ಮಣ್ಣನ್ನು ಕಂಡರೆ ಬಿಡವು, ಹುಗಿದ ಕಲ್ಲಿನ ನಡುವೆ ಮೂತಿ ಹಾಕಲು ಅಷ್ಟು ಸುಲಭವಿಲ್ಲ. ಬರೆಯ ಕೊನೆಯ ಗುಂಡಿಗೆ ಕಲ್ಲು ಸಾಲದೆ ಬಿಟ್ಟದ್ದನ್ನು ಹಂದಿ ಜೂನ್‌ನಲ್ಲೇ ಉತ್ತಿತು. ಮರಳಿನಲ್ಲಿ ಎಬ್ಬಿಸಿಟ್ಟ ಕಾಂಡದ ಸಸಿಗಳು ಆಗ ಕೆಲಸಕ್ಕೆ ಬಂದವು.

ಮಳೆಗಾಲದ ಆರೈಕೆ

ಮೊದಲ ಆರು ವಾರ ಶತ್ರು ಆಫ್ರಿಕನ್ ಬಸವನಹುಳು. ರಾತ್ರಿ ಬಂದು ಬೆರಳುದ್ದದ ಮೊಳಕೆಯನ್ನು ನೆಲಮಟ್ಟಕ್ಕೆ ತಿನ್ನುತ್ತದೆ. ಸಂಜೆ ಒದ್ದೆ ಗೋಣಿಯ ಕೆಳಗೆ ಪಪ್ಪಾಯಿ ಎಲೆ ಇಟ್ಟರೆ ಬೆಳಿಗ್ಗೆ ಅಡಿಯಲ್ಲಿ ಗುಂಪುಗೂಡಿರುತ್ತವೆ. ಕೈಗವಸು ಹಾಕಿ ಹೆಕ್ಕಿ ಗಟ್ಟಿ ಉಪ್ಪುನೀರಿನ ಬಕೆಟಿಗೆ ಹಾಕುವುದು. ಬರಿಗೈಯಲ್ಲಿ ಮುಟ್ಟಬೇಡಿ, ಮನುಷ್ಯನ ಮಿದುಳಿಗೆ ತೊಂದರೆ ಕೊಡುವ ಪರಾವಲಂಬಿ ಹುಳ ಅದರಲ್ಲಿರಬಹುದು. ಉಪ್ಪನ್ನು ಗಿಡದ ಬುಡಕ್ಕೆ ಎರಚಲೂ ಬೇಡಿ.

ಎರಡನೆಯದು ಹಳದಿ ಹೂವಿನ ಸಿಂಗಪೂರ್ ಡೇಸಿ ಬಳ್ಳಿ. ಅಂದಕ್ಕೆಂದು ಅಂಗಳಕ್ಕೆ ಬಂದು ಈಗ ತೋಟವನ್ನೆಲ್ಲ ಹಾಸಿಕೊಂಡಿರುವ ಇದು ಮೊಳಕೆಯ ಮೇಲೆ ಕಂಬಳಿ ಹೊದಿಸುತ್ತದೆ. ಗುಂಡಿಯ ಸುತ್ತ ಅರ್ಧ ಮೀಟರ್ ಕೈಯಿಂದಲೇ ಕೀಳಬೇಕು, ಗಿಣ್ಣು ಬಿಟ್ಟರೆ ಮತ್ತೆ ಬೇರೂರುತ್ತದೆ.

ಜುಲೈ ಕೊನೆಗೆ ಪ್ರತಿ ಗುಂಪಿನ ಸುತ್ತ ಅಡಿಕೆ ಮರದ ಸೀಳು ನಾಲ್ಕು ಹುಗಿದು, ಎದೆಮಟ್ಟದಲ್ಲಿ ಬಾಳೆನಾರಿನ ಒಂದು ಸುತ್ತು. ಒಂದೊಂದು ಕಾಂಡವನ್ನು ಬಿಗಿಯಬಾರದು. ದುಂಬಿ ಕೂತಾಗ ತೆನೆ ಜಗ್ಗಬೇಕು, ಗಾಳಿಗೆ ಓಲಾಡಬೇಕು.

ತೆನೆ ಕೆಂಪಾದ ಕೂಡಲೇ ಇರುವೆ ಮುತ್ತಿತು, ಮನೆಯವರಿಗೆ ಗಾಬರಿ. ಕೆಂಪು ಹೊದಿಕೆ ಎಲೆಗಳ ಹೊರಮೈ ಸಿಹಿರಸ ಒಸರುತ್ತದೆ, ಇರುವೆ ಬರುವುದು ಅದಕ್ಕೆ. ಇದೇ ಕುಟುಂಬದ ಅಮೆರಿಕದ ಗಿಡಗಳಲ್ಲಿ ಯಾವ ನೊಣದ ಮರಿ ಬೀಜ ತಿನ್ನುತ್ತದೋ ಆ ನೊಣವನ್ನು ಇರುವೆಗಳು ಓಡಿಸುತ್ತವೆ ಎಂಬುದು ಚೆನ್ನಾಗಿ ತಿಳಿದ ಸಂಗತಿ. ಇರುವೆ ಇದ್ದರೂ ದುಂಬಿ ಬರುತ್ತದೆ. ತೆನೆಯ ಸಂದಿಯಲ್ಲಿ ಬಿಳಿ ಹಿಟ್ಟುತಿಗಣೆ ಕಂಡರೆ ಮಾತ್ರ ಆ ಭಾಗವನ್ನು ಒದ್ದೆ ಬಟ್ಟೆಯಿಂದ ಒರೆಸಿ ತೆಗೆದರೆ ಸಾಕು.

ಎಲೆಯಂಚು ತಿನ್ನುವ ಮಿಡತೆ, ಅಲ್ಲೊಂದು ಇಲ್ಲೊಂದು ಕಂದು ಚುಕ್ಕೆ ಲೆಕ್ಕಕ್ಕೆ ತೆಗೆದುಕೊಳ್ಳುವಂಥದ್ದಲ್ಲ.

ಏನು ಸಿಕ್ಕಿತು

ಆಗಸ್ಟ್ ಎರಡನೆಯ ವಾರ ಮೊದಲ ಹೂ, ಅಕ್ಟೋಬರ್–ನವೆಂಬರಿನ ತುಲಾ ಮಳೆಯ ಹೊತ್ತಿಗೆ ಕೊನೆಯದು. ಐದು ಗುಂಪಿನಲ್ಲಿ ಒಟ್ಟು ನಲವತ್ತರ ಆಸುಪಾಸು ಕಾಂಡ, ಸೆಪ್ಟೆಂಬರ್ ನಡುವಿನಲ್ಲಿ ಬೆಳಿಗ್ಗೆ ಮೂವತ್ತರಷ್ಟು ಹೂ. ಮಳೆ ಬಿಟ್ಟ ಅರ್ಧ ಗಂಟೆಯಲ್ಲೇ ಬಡಗಿ ದುಂಬಿ ಹಾಜರು. ಸೆಪ್ಟೆಂಬರ್–ಅಕ್ಟೋಬರಿನ ಪ್ಯಾಶನ್ ಫ್ರೂಟ್ ಸುತ್ತಿನಲ್ಲಿ ಕೈಯಿಂದ ಪರಾಗ ಮುಟ್ಟಿಸದೆಯೇ ಚಪ್ಪರದಲ್ಲಿ ಕಾಯಿ ತೂಗಿತು. ಇದರ ಕೀರ್ತಿಯೆಲ್ಲ ಚಂಗಲಕೋಷ್ಟಕ್ಕೆ ಸಲ್ಲದು, ಏಕೆಂದರೆ ಅದೇ ವರ್ಷ ಗೂಡಿನ ಏರ್ಪಾಡೂ ಆಗಿತ್ತು.

ಆ ಏರ್ಪಾಡು ಇಷ್ಟು. ಹಿಂದಿನ ಬೇಸಿಗೆಯಲ್ಲಿ ದುಂಬಿ ಕೊಟ್ಟಿಗೆಯ ಮಾಡಿನ ಪಕ್ಕಾಸು ಕೊರೆದು ಮರದ ಹುಡಿ ಉದುರಿಸುತ್ತಿತ್ತು, ಮನೆಯವರಿಗೆ ಅದು ಇಷ್ಟವಿರಲಿಲ್ಲ. ಹೆಬ್ಬೆರಳು ತೂರುವಷ್ಟು, ಎಂದರೆ 12ರಿಂದ 20 ಮಿ.ಮೀ. ಒಳಅಗಲದ ಒಣ ಬಿದಿರನ್ನು ಗೇಣುದ್ದಕ್ಕೆ ಕತ್ತರಿಸಿ, ಒಂದು ತುದಿಯಲ್ಲಿ ಗಿಣ್ಣು ಮುಚ್ಚಿರುವಂತೆ ಬಿಟ್ಟು, ಇಪ್ಪತ್ತನ್ನು ಕಟ್ಟು ಮಾಡಿ ಕೊಟ್ಟಿಗೆಯ ಪೂರ್ವದ ಮಾಡಿನಡಿ ಅಡ್ಡ ಕಟ್ಟಿದರು. ಬಾಯಿ ಸ್ವಲ್ಪ ಕೆಳಮುಖ, ಇರುಚಲು ಹೊಡೆಯದ ಜಾಗ. ಪಕ್ಕಾಸಿನ ಹಳೆಯ ತೂತುಗಳನ್ನು ದುಂಬಿ ಹೊರಬಂದ ಮೇಲೆ ಜೇಡಿಮಣ್ಣಿನಿಂದ ಮುಚ್ಚಿ ಪಕ್ಕಾಸಿಗೆ ಗೇರೆಣ್ಣೆ ಬಳಿದರು. ಹೊಸ ತೂತು ಬೀಳಲಿಲ್ಲ, ಬಿದಿರಿನಲ್ಲಿ ಆರು ಕೊಳವೆ ತುಂಬಿತು.

ಚಂಗಲಕೋಷ್ಟ ತುಂಬುವುದು ವರ್ಷದಲ್ಲಿ ಮೂರು ತಿಂಗಳನ್ನು ಮಾತ್ರ. ದುಂಬಿ ಉಳಿಯಬೇಕಾದರೆ ಉಳಿದ ತಿಂಗಳಿಗೂ ಏನಾದರೂ ಬೇಕು. ಬರೆಯ ಮೇಲಂಚಿನಲ್ಲಿ ಮೊದಲೇ ಇದ್ದ ನೆಕ್ಕರಿಕವನ್ನು ಕಡಿಯದೆ ಬಿಟ್ಟರು. ವರ್ಷದ ಬಹುಪಾಲು ಹೂವಿರುವ ಅದಕ್ಕೂ ಗುಂಯ್‌ಗುಡುವ ದುಂಬಿಯೇ ಬೇಕು, ಆದರೆ ಅದು ಕೊಡುವುದು ಪರಾಗ ಮಾತ್ರ, ಮಕರಂದವಿಲ್ಲ. ಮಳೆ ಮುಗಿದ ಮೇಲಿನ ತಿಂಗಳಿಗೆ ಕ್ರೋಟಲೇರಿಯಾ ಕುಲದ ಗಿಲಿಕೆ ಗಿಡ, ಬೇಸಿಗೆಗೆ ತೋಡಿನ ಬದಿಯ ಹೊಂಗೆ. ಕೇಪಳ ನೆಟ್ಟದ್ದು ಚಿಟ್ಟೆಗೆ, ಅದರ ಸಪುರ ಕೊಳವೆ ದುಂಬಿಗೆ ನೇರ ದಕ್ಕದು.

ಮುಂದಿನ ಕೆಲಸ

ಹೂ ಮುಗಿದ ತೆನೆಯನ್ನು ಕತ್ತರಿಸಬಾರದು. ನವೆಂಬರಿನಲ್ಲಿ ಕೆಂಪು ಕಾಯಿ ಒಡೆದು ಬಿಳಿ ತಿರುಳು ಮೆತ್ತಿದ ಕರಿಬೀಜ ಕಾಣುತ್ತದೆ, ಪಿಕಳಾರ ತಿನ್ನುತ್ತದೆ, ಇರುವೆ ಹೊರುತ್ತದೆ. ಬೀಜದಿಂದ ಗಿಡ ಮಾಡುವವರು ತಿರುಳು ತೊಳೆದು ಕೂಡಲೇ ಬಿತ್ತಬೇಕು, ಹೂವಿಗೆ ಎರಡು ಮೂರು ವರ್ಷ ಕಾಯಬೇಕು. ಗೆಡ್ಡೆ ಸಿಗುವಲ್ಲಿ ಅದರ ಅಗತ್ಯವಿಲ್ಲ.

ಫೆಬ್ರವರಿಯಲ್ಲಿ ಒಣಗಿದ ಕಾಂಡವನ್ನು ಗೇಣುದ್ದ ಕೂಳೆ ಬಿಟ್ಟು ಕತ್ತರಿಸುವುದು. ಕೂಳೆ ಬಿಡುವುದು ಗುರುತಿಗೆ. ಮಾರ್ಚ್‌ನಲ್ಲಿ ನೆಲದ ಮೇಲೆ ಏನೂ ಇರುವುದಿಲ್ಲ, ತರಕಾರಿ ಸಾಲಿಗೆಂದು ಹಾರೆ ಹಾಕಿದರೆ ಗೆಡ್ಡೆ ಹೋಳಾಗುತ್ತದೆ. ತೋಟದ ಸ್ಪ್ರಿಂಕ್ಲರಿನ ಕೊನೆಯ ಗನ್ನನ್ನು ಬರೆಯಿಂದ ಆಚೆಗೆ ತಿರುಗಿಸಬೇಕು. ನಿದ್ದೆಯ ಗೆಡ್ಡೆಗೆ ದಿನವೂ ನೀರು ಬೇಡ.

ಕೊಚ್ಚುವ ಕೆಲಸವನ್ನು ಈ ಮನೆಯವರು ಎರಡಾಗಿ ಒಡೆದಿದ್ದಾರೆ. ಅಂಗಳ ಮತ್ತು ದಾರಿ ಚೌತಿಗೆ ಮುಂಚೆ, ಬರೆ ಡಿಸೆಂಬರ್ ಕೊನೆಗೆ. ಕೆಲಸದವರು ಬದಲಾದಾಗೆಲ್ಲ ಅವರನ್ನು ಕರೆದುಕೊಂಡು ಹೋಗಿ ಕಲ್ಲುಕಟ್ಟೆಯನ್ನು ತೋರಿಸುತ್ತಾರೆ. ಮೂರನೆಯ ವರ್ಷದ ಕೊನೆಗೆ ಗುಂಪಿನ ನಡುಭಾಗ ಬರಡಾಗಿ ಕಾಂಡ ಅಂಚಿಗೆ ಸರಿಯುತ್ತದೆ. ಆಗ ಮೇ ತಿಂಗಳಲ್ಲಿ ಅಗೆದು, ಹಳೆಯ ನಡುಗೆಡ್ಡೆ ತೆಗೆದು, ಹೊರಗಿನ ಎಳೆಯ ತುಂಡುಗಳನ್ನು ಅದೇ ಗುಂಡಿಗೆ ಮರುನಾಟಿ ಮಾಡಬೇಕು. ಉಳಿದ ತುಂಡಿಗೆ ಪಕ್ಕದ ಎರಡು ಮನೆಯವರು ಈಗಲೇ ಹೇಳಿಟ್ಟಿದ್ದಾರೆ, ಒಂದರಲ್ಲಿ ಬರೆ ಪಶ್ಚಿಮಕ್ಕಿದೆ. ಅಲ್ಲಿ ಮಧ್ಯಾಹ್ನದ ಬಿಸಿಲು ನೇರ ಬೀಳುವುದರಿಂದ, ನೆಡುವ ಮುಂಚೆ ಎರಡು ಹೊಂಗೆಯ ಸಸಿಯನ್ನು ಆ ಕಡೆಗೆ ಎಬ್ಬಿಸಿಕೊಳ್ಳಬೇಕು.